ಕಪ್ಪು ಸೈಕಲ್ಲಿಗೆ ಕಿತ್ತಳೆ ಬಣ್ಣ: ಕೊಡಗಿನ ಚಳಿಯಲ್ಲಿ ಮಾಡಿದ ಕೆಲಸ

ಪೊನ್ನಂಪೇಟೆ ಹತ್ತಿರದ ನಮ್ಮ ಮನೆಯಲ್ಲಿ ಬಹಳ ಕಾಲದಿಂದ ಓಡುತ್ತಿರುವ ಕಪ್ಪು ಸ್ಟೀಲ್ ಸೈಕಲ್ಲಿಗೆ ಈ ಜನವರಿಯಲ್ಲಿ ನಾನೇ ಕಿತ್ತಳೆ ಬಣ್ಣ ಹೊಡೆದೆ. ಬೈಕಿನ ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ತಿದ್ದಿಸಬೇಕು, ಸೈಕಲ್ಲಿಗೆ ಆ ರಗಳೆ ಇಲ್ಲ. ಕೊಡಗಿನಲ್ಲಿ ಈ ಕೆಲಸ ಕಷ್ಟವಾಗುವುದು ತೇವದಿಂದ. ಆದ್ದರಿಂದ ಬಣ್ಣಕ್ಕಿಂತ ಹೆಚ್ಚು ತೇವದ ಬಗ್ಗೆಯೇ ಬರೆಯುತ್ತೇನೆ.

ಜೂನ್‌ನಲ್ಲಿ ಹಿಡಿದ ಮಳೆ ಬಿಡುವಷ್ಟರಲ್ಲಿ ಅಕ್ಟೋಬರ್ ಬರುತ್ತದೆ. ಜುಲೈ-ಆಗಸ್ಟ್ ನಡುವಿನ ಕಕ್ಕಡ ತಿಂಗಳಲ್ಲಂತೂ ಒಗೆದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಬಣ್ಣದ ಮಾತೆಲ್ಲಿ? ಫೆಬ್ರವರಿ ಕೊನೆಯ ಹೊತ್ತಿಗೆ ಕಾಫಿ ಹೂವರಳಿಸುವ ಹೂಮಳೆ ಯಾವಾಗ ಬೇಕಾದರೂ ಬರಬಹುದು. ಹಾಗಾಗಿ ನವೆಂಬರ್-ಡಿಸೆಂಬರ್ ಹೊತ್ತಿನ ನಮ್ಮ ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲಿನ ಒಂದೆರಡು ತಿಂಗಳಷ್ಟೇ ನಮ್ಮ ಪಾಲಿಗೆ. ಆಗಲೂ ಬೆಳಿಗ್ಗೆ ಮಂಜು ಇರುತ್ತದೆ. ರಾತ್ರಿಯೆಲ್ಲ ತಣ್ಣಗಾದ ಉಕ್ಕಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ನೀರು ಕೂತಿರುತ್ತದೆ. ಲೋಹಕ್ಕೆ ಬಣ್ಣ ಹೊಡೆಯುವವರು ಪಾಲಿಸುವ ನಿಯಮ ಒಂದಿದೆ: ಇಬ್ಬನಿ ಕಟ್ಟುವ ಉಷ್ಣಾಂಶಕ್ಕಿಂತ ಲೋಹದ ಮೈ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು. ನಾನು ಫ್ರೇಮನ್ನು ಬಿಸಿಲಿಗಿಟ್ಟು, ಕೈಗೆ ತಣ್ಣಗೆ ತಾಗದ ಮೇಲೆ ನೆರಳಿಗೆ ತಂದು ಹೊಡೆಯುತ್ತಿದ್ದೆ. ಬೆಳಿಗ್ಗೆ 11ಕ್ಕೆ ಮುಂಚೆ ಇಲ್ಲ, ಮಧ್ಯಾಹ್ನ 3ರ ಮೇಲೆ ಇಲ್ಲ. ಸಂಜೆ ಹೊಡೆದ ಬಣ್ಣ ಒಣಗುವ ಮೊದಲೇ ಚಳಿ ಇಳಿಯುತ್ತದೆ. ಸ್ಪ್ರೇ ಬಣ್ಣದಲ್ಲಿರುವ ತಿನ್ನರ್ ಬೇಗ ಆವಿಯಾಗುತ್ತಾ ಮೇಲ್ಮೈಯನ್ನು ಇನ್ನಷ್ಟು ತಣ್ಣಗೆ ಮಾಡುತ್ತದೆ, ಗಾಳಿಯ ತೇವ ಅಲ್ಲಿ ಕೂತು ಬಣ್ಣ ಹಾಲಿನಂತೆ ಬೆಳ್ಳಗಾಗುತ್ತದೆ.

ಜಾಗಕ್ಕೂ ನಮ್ಮಲ್ಲಿ ಎರಡು ಕಟ್ಟಳೆ. ಜನವರಿಯಲ್ಲಿ ಕಣದ ತುಂಬ ಕಾಫಿ ಇರುತ್ತದೆ, ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ತಿನ್ನರ್ ವಾಸನೆ ಅದರ ಹತ್ತಿರ ಸುಳಿಯಬಾರದು, ಆದ್ದರಿಂದ ಕಣವೂ ಬೇಡ, ಗೋಡೌನೂ ಬೇಡ. ಇನ್ನೊಂದು, ಬಚ್ಚಲ ಒಲೆ. ಸ್ಪ್ರೇ ಡಬ್ಬಿಯ ಅನಿಲಕ್ಕೆ ಬೆಂಕಿ ತಗಲುವುದು ಸುಲಭ, ನಮ್ಮ ಕಡೆ ಹಂಡೆಯ ಕೆಳಗೆ ಸೌದೆ ಉರಿಯದ ದಿನವಿಲ್ಲ. ಮನೆಯಿಂದ ದೂರ, ಮೂರು ಕಡೆ ತೆರೆದಿರುವ ಸೌದೆ ಕೊಟ್ಟಿಗೆಯನ್ನು ಖಾಲಿ ಮಾಡಿಕೊಂಡೆ. ನೆಲಕ್ಕೆ ನೀರು ಚಿಮುಕಿಸಿದರೆ ದೂಳು ಏಳುವುದಿಲ್ಲ.

ಸೈಕಲ್ ಬಿಚ್ಚುವುದರಲ್ಲಿ ಹೇಳಬೇಕಾದ್ದು ಕಡಿಮೆ. ಎಡ ಪೆಡಲಿನ ಥ್ರೆಡ್ ಉಲ್ಟಾ. ಪೆಡಲಿನ ಅಚ್ಚು ಕೂರುವ ಬಿ.ಬಿ. (ಬಾಟಮ್ ಬ್ರಾಕೆಟ್) ಶೆಲ್‌ನ ಬಲಗಡೆಯ ಬೇರಿಂಗ್ ಕಪ್‌ನ ಥ್ರೆಡ್ಡೂ ಇಂಥ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಉಲ್ಟಾ, ಹಟ ಹಿಡಿದು ತಿರುಗಿಸಿದರೆ ಇನ್ನೂ ಬಿಗಿಯುತ್ತದೆ. ನಾನು ಅದನ್ನು ಅಲ್ಲೇ ಬಿಟ್ಟು ಟೇಪ್ ಸುತ್ತಿದೆ. ಪೆಡಲಿನ ತೋಳನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್‌ಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಡಿ. ಬೇರಿಂಗ್ ಬಾಲ್‌ಗಳನ್ನು ಹಳೆಯದೇ ಹಾಕುವ ಬದಲು ಹೊಸದು ತನ್ನಿ, ಅವಕ್ಕೆ ದೊಡ್ಡ ಬೆಲೆಯೇನಿಲ್ಲ. ಥ್ರೆಡ್ ಇರುವ ತೂತುಗಳಿಗೆಲ್ಲ ಹಳೆ ಬೋಲ್ಟ್ ತಿರುಗಿಸಿಟ್ಟರೆ ಬಣ್ಣ ಒಳಗೆ ಹೋಗುವುದಿಲ್ಲ.

ಹಳೆ ಬಣ್ಣವನ್ನು ಪೂರ್ತಿ ಕೆರೆಯಬೇಕೇ ಎಂದು ಬಹಳ ಜನ ಕೇಳುತ್ತಾರೆ. ಗಟ್ಟಿಯಾಗಿ ಹಿಡಿದಿದ್ದರೆ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಕಾರ್ಖಾನೆಯಲ್ಲಿ ಬಿಸಿಯಲ್ಲಿ ಸುಟ್ಟು ಕೂರಿಸಿದ ಎನಾಮೆಲ್‌ನಷ್ಟು ಭದ್ರವಾದ ತಳಪಾಯವನ್ನು ನಾವು ಡಬ್ಬಿಯಿಂದ ಹಾಕಲಾರೆವು. ಆದರೆ ಒಂದು ಪರೀಕ್ಷೆ ಮಾಡಿ: ಬಿ.ಬಿ. ಶೆಲ್ಲಿನ ಅಡಿಯಲ್ಲಿ, ಕಾಣದ ಕಡೆ, ತಿನ್ನರ್ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಬಣ್ಣ ಮೆತ್ತಗಾದರೆ, ಬಟ್ಟೆಗೆ ಹತ್ತಿದರೆ, ಯಾರೋ ನಡುವೆ ಬ್ರಷ್ಷಿನಲ್ಲಿ ಹೊಡೆದ ಎನಾಮೆಲ್ ಅದು. ಅದರ ಮೇಲೆ ಸ್ಪ್ರೇ ಹೊಡೆದರೆ ಸುಕ್ಕುಗಟ್ಟುತ್ತದೆ, ಅದನ್ನು ತೆಗೆಯಲೇಬೇಕು. ನಮ್ಮದು ಗಟ್ಟಿಯಾಗಿತ್ತು. 320ರ ಉಜ್ಜುವ ಕಾಗದದಲ್ಲಿ (ಸ್ಯಾಂಡ್‌ಪೇಪರ್) ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಿದೆ.

ತುಕ್ಕಿನದು ಬೇರೆ ಕತೆ. ಪೈಪುಗಳನ್ನು ಕೂಡಿಸುವ ಲಗ್ಗುಗಳ ಸಂದಿ, ಸೀಟ್ ಕ್ಲ್ಯಾಂಪಿನ ಕೆಳಗೆ, ಹಿಂದಿನ ಚಕ್ರ ಕೂರುವ ಜಾಗ, ಹೀಗೆ ಮಳೆನೀರು ನಿಲ್ಲುವಲ್ಲೆಲ್ಲ ತುಕ್ಕು ಬಣ್ಣದ ಅಡಿಯಲ್ಲೇ ಹರಿದಿರುತ್ತದೆ. ಉಬ್ಬಿದ್ದು ಗುಳ್ಳೆಯಷ್ಟೇ ಕಂಡರೂ ಗಟ್ಟಿ ಬಣ್ಣ ಸಿಗುವವರೆಗೆ ಕೆರೆಯುತ್ತಾ ಹೋಗಬೇಕು. ವೈರ್ ಬ್ರಷ್, ಆಮೇಲೆ 80ರ ಕಾಗದ, ಗುಳಿಗಳಲ್ಲಿ ಉಳಿದದ್ದಕ್ಕೆ ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್. ಕೆರೆದ ಅಂಚು ಬೆರಳಿಗೆ ಮೆಟ್ಟಿಲಿನಂತೆ ತಾಗಬಾರದು, ಇಳಿಜಾರಾಗಿರಬೇಕು. ಹೊಳೆಯುವ ಉಕ್ಕನ್ನು ರಾತ್ರಿ ಬಿಟ್ಟರೆ ನಮ್ಮ ಹವೆಯಲ್ಲಿ ಬೆಳಗಾಗುವಷ್ಟರಲ್ಲಿ ಕೆಂಪಗಾಗಿರುತ್ತದೆ. ಅದಕ್ಕೇ ಕೆರೆದ ಭಾಗಕ್ಕೆ ಅದೇ ದಿನ ಪ್ರೈಮರ್ ಕೊಟ್ಟೆ, ನಾಳೆಗೆ ಉಳಿಸಲಿಲ್ಲ. ಶೆಲ್ಲಿನ ಮೇಲೆ ಒತ್ತಿರುವ ನಂಬರನ್ನು ಪುಟ್ಟಿ ಹಾಕಿ ಮುಚ್ಚಬೇಡಿ. ಸೈಕಲ್ ಕಳುವಾದರೆ ನಮ್ಮದೆಂದು ತೋರಿಸಲು ಇರುವುದು ಅದೇ.

ಪ್ರೈಮರ್‌ಗೆ ಮುಂಚೆ ಪಾತ್ರೆ ತೊಳೆಯುವ ಸೋಪಿನ ನೀರು, ಒಣಗಿದ ಮೇಲೆ ತಿನ್ನರ್ ಬಟ್ಟೆ. ಅಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬಾರದು. (ಅಲ್ಯೂಮಿನಿಯಂ ಫ್ರೇಮಾದರೆ ಎಚಿಂಗ್ ಪ್ರೈಮರ್ ಬೇಕು, ಸಾಮಾನ್ಯ ರೆಡ್ ಆಕ್ಸೈಡ್ ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ.)

ಕಿತ್ತಳೆಯೇ ಯಾಕೆ ಅಂದರೆ, ಕಾಫಿ ತೋಟದ ನಡುವೆ ಬೆಳೆಯುತ್ತಿದ್ದ ಕೊಡಗಿನ ಕಿತ್ತಳೆ ರೋಗ ಬಿದ್ದು ಬಹುಪಾಲು ಹೋಯಿತು. ನಮ್ಮ ತೋಟದಲ್ಲೂ ಉಳಿದದ್ದು ಕೆಲವೇ ಗಿಡ. ಆ ಬಣ್ಣ ದಿನಾ ಕಣ್ಣೆದುರು ಇರಲಿ ಎಂದು ಆಸೆಯಾಯಿತು. ಆದರೆ ಕಿತ್ತಳೆ, ಹಳದಿಯಂಥ ಬಣ್ಣಗಳಿಗೆ ಅಡಿಯದನ್ನು ಮುಚ್ಚುವ ಶಕ್ತಿ ಕಡಿಮೆ. ಕೆಂಪು ಪ್ರೈಮರ್ ಮೇಲೆ ಹೊಡೆದರೆ ಇಟ್ಟಿಗೆಯ ಬಣ್ಣ ಬರುತ್ತದೆ. ಬೂದು ಪ್ರೈಮರ್, ಅದರ ಮೇಲೆ ಬಿಳಿ, ಆಮೇಲೆ ಕಿತ್ತಳೆ, ಈ ಕ್ರಮ ತಪ್ಪಿಸಬಾರದು.

ಹ್ಯಾಂಡಲ್ ಕೂರುವ ಹೆಡ್ ಟ್ಯೂಬಿನೊಳಗೆ ಜಿಐ ತಂತಿ ಹಾಯಿಸಿ ಫ್ರೇಮನ್ನು ತೊಲೆಗೆ ತೂಗುಹಾಕಿದೆ. ಚಳಿಯಲ್ಲಿ ಡಬ್ಬಿಯ ಒತ್ತಡ ಇಳಿದು ಬಣ್ಣ ಹನಿಹನಿಯಾಗಿ ಉಗುಳುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಸರಿಹೋಗುತ್ತದೆ, ಬಿಸಿನೀರು ಮಾತ್ರ ಬೇಡ, 50 ಡಿಗ್ರಿ ದಾಟಿದರೆ ಡಬ್ಬಿ ಒಡೆಯುವ ಅಪಾಯವಿದೆ. 25 ಸೆಂಟಿಮೀಟರ್‌ನಷ್ಟು ದೂರದಿಂದ, ಪೈಪಿನ ಆಚೆ ಗುಂಡಿ ಒತ್ತಿ, ಪೈಪನ್ನು ದಾಟಿ ಈಚೆ ಬಿಡುವುದು. ಮೊದಲು ಸಂದಿಗಳು, ಪೈಪುಗಳ ಅಡಿಭಾಗ, ಕೊನೆಗೆ ಎದ್ದು ಕಾಣುವ ಮೇಲ್ಭಾಗ. ಮೊದಲ ಕೋಟಿನಲ್ಲಿ ಬಿಳಿ ಇಣುಕುತ್ತಿರಲಿ. ಅದನ್ನು ಒಮ್ಮೆಗೇ ಮುಚ್ಚಲು ಹೋದರೆ ಬಣ್ಣ ಇಳಿಯುತ್ತದೆ. ಕೋಟಿನ ನಡುವೆ ಎಷ್ಟು ಹೊತ್ತು ಎನ್ನುವುದು ಡಬ್ಬಿಯ ಮೇಲೇ ಇರುತ್ತದೆ, ಅದರಂತೆಯೇ ನಡೆಯಿರಿ. ಫ್ರೇಮ್, ಮುಂದಿನ ಚಕ್ರ ಹಿಡಿಯುವ ಫೋರ್ಕ್ ಎರಡಕ್ಕೂ 400 ಮಿಲಿಲೀಟರಿನ ಪ್ರೈಮರ್ ಡಬ್ಬಿ ಒಂದು, ಬಿಳಿ ಒಂದು, ಕಿತ್ತಳೆ ಎರಡು, ಕೊನೆಗೆ ಮೇಲೆ ಹೊಡೆಯುವ ಬಣ್ಣವಿಲ್ಲದ ಕ್ಲಿಯರ್ ಒಂದು ಬೇಕು. ಪೈಪು ಸಪೂರ, ಬಹಳಷ್ಟು ಬಣ್ಣ ಗಾಳಿಗೇ ಹೋಗುತ್ತದೆ.

ಬಟ್ಟೆಯ ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ. ಇದ್ದಿಲು ಕಾರ್ಟ್ರಿಡ್ಜ್ ಇರುವ ಮಾಸ್ಕ್ ತಗೊಳ್ಳಿ. ಹಾರ್ಡನರ್ ಬೆರೆಸುವ 2ಕೆ ಕ್ಲಿಯರ್ ಗಟ್ಟಿ ನಿಜ, ಆದರೆ ಅದರಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಶ್ವಾಸಕೋಶಕ್ಕೆ ಕೆಟ್ಟದ್ದು. ಮನೆಯಲ್ಲಿ ಅದನ್ನು ಹೊಡೆಯಬೇಡಿ ಎಂದು ಒತ್ತಿ ಹೇಳುತ್ತೇನೆ.

ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗೆ ಬಣ್ಣ ಇನ್ನೂ ಮೆತ್ತಗಿರುತ್ತದೆ. ಕಾಣದ ಕಡೆ ಉಗುರು ಒತ್ತಿ ನೋಡಿ, ಗುರುತು ಬಿದ್ದರೆ ಜೋಡಿಸಬೇಡಿ. ನಮ್ಮ ಚಳಿಗೆ ಎರಡು ವಾರ ಬಿಡುವುದು ಒಳ್ಳೆಯದು. ಜೋಡಿಸುವಾಗ ಚಕ್ರದ ನಟ್ ಕೂರುವ ಜಾಗದಲ್ಲಿ ಉಕ್ಕು ಕಾಣುವವರೆಗೆ ಬಣ್ಣ ಕೆರೆದೆ, ಇಲ್ಲದಿದ್ದರೆ ಬಣ್ಣ ನಲುಗಿ ನಟ್ ಸಡಿಲವಾಗುತ್ತದೆ. ಅಲ್ಲಿಗೆ ಗ್ರೀಸ್ ಸವರಿದರೆ ತುಕ್ಕಿನ ಭಯವಿಲ್ಲ. ಸೀಟ್ ಪೋಸ್ಟಿಗೂ ಗ್ರೀಸ್, ಪೈಪುಗಳ ಒಳಗೆ ಸ್ವಲ್ಪ ಎಣ್ಣೆ ಬಿಟ್ಟು ಫ್ರೇಮನ್ನು ಅತ್ತಿತ್ತ ಹೊರಳಿಸಬೇಕು, ಏಕೆಂದರೆ ನಮ್ಮ ಕಡೆ ಸ್ಟೀಲ್ ಫ್ರೇಮು ಒಳಗಿನಿಂದಲೂ ಸಾಯುತ್ತದೆ.

ಉಳಿದ ಕಿತ್ತಳೆಯನ್ನು ಡಬ್ಬಿಯ ಮುಚ್ಚಳಕ್ಕೆ ಹೊಡೆದು, ಖಾಲಿ ಉಗುರುಬಣ್ಣದ ಸೀಸೆಗೆ ತುಂಬಿಟ್ಟಿದ್ದೇನೆ. ತೋಟದ ದಾರಿಯ ಜಲ್ಲಿ ಸಿಡಿದು ಎಲ್ಲೆಲ್ಲಿ ಚಕ್ಕೆ ಎದ್ದಿದೆ ಎಂದು ಮೇ ತಿಂಗಳಲ್ಲಿ ನೋಡಿ, ಮಳೆ ಹಿಡಿಯುವ ಮೊದಲು ಅಲ್ಲಿಗೆ ಹಚ್ಚಬೇಕು.