ಟಿಬಿ ವಾಸಿಯಾದ ಮೇಲೆ ಮತ್ತೆ ಓಡಿದ್ದು

ಶ್ವಾಸಕೋಶದ ಟಿಬಿಯಿಂದ ಎದ್ದು ಮತ್ತೆ ಓಡಿದವರು ಏನಾದರೂ ಬರೆದಿದ್ದಾರೆಯೇ ಎಂದು ಹಾಸಿಗೆಯಲ್ಲಿ ಬಿದ್ದಿದ್ದಾಗ ಬಹಳ ಹುಡುಕಿದ್ದೆ. ಕನ್ನಡದಲ್ಲಿ ನನ್ನ ಕಣ್ಣಿಗೆ ಒಂದೂ ಬೀಳಲಿಲ್ಲ. ನೆಂಟರಿಗೆ ‘ನಿಮೋನಿಯಾ ಆಗಿತ್ತು’ ಎಂದು ಹೇಳಿ ಮುಗಿಸುವ ಕಾಯಿಲೆ ಇದು, ಅದರಲ್ಲೂ ಹೆಂಗಸರಿಗೆ ಬಂದರೆ. ಹಾಗಾಗಿ ಕಾಯಿಲೆಯ ಹೆಸರು ಹಿಡಿದೇ ಬರೆಯುತ್ತಿದ್ದೇನೆ.

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಬೆಳಿಗ್ಗೆ ಓಡುವವರಲ್ಲಿ ನಾನೂ ಒಬ್ಬಳು. ಒಂದು ಸುತ್ತು ಹೆಚ್ಚುಕಡಿಮೆ ನಾಲ್ಕೂವರೆ ಕಿ.ಮೀ. ಮೊದಲು ವಾರದ ದಿನಗಳಲ್ಲಿ ಎರಡು ಸುತ್ತು, ಭಾನುವಾರ ಚಾಮುಂಡಿ ಬೆಟ್ಟದ ರಸ್ತೆ. ಆಮೇಲೆ ಸಂಜೆ ಹೊತ್ತು ಸಣ್ಣ ಜ್ವರ, ರಾತ್ರಿ ದಿಂಬು ನೆನೆಯುವಷ್ಟು ಬೆವರು, ಬಿಡದ ಕೆಮ್ಮು. 62 ಕೆ.ಜಿ. ಇದ್ದ ತೂಕ 51ಕ್ಕೆ ಇಳಿಯಿತು. ಓಡುವವರ ತೂಕ ಇಳಿದರೆ ಯಾರಿಗೂ ಅನುಮಾನ ಬರುವುದಿಲ್ಲ, ‘ಎಷ್ಟು ಚೆನ್ನಾಗಿ ಸಣ್ಣ ಆಗಿದ್ದೀಯಾ’ ಎಂದು ಮೆಚ್ಚುತ್ತಾರೆ. ಓಡುವ ಗೆಳತಿಯರಿಗೆ ನಾನು ಒತ್ತಿ ಹೇಳುವುದು ಇದನ್ನೇ: ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಜೀನ್‌ಎಕ್ಸ್‌ಪರ್ಟ್ ಯಂತ್ರ ಸುಮಾರು ಎರಡು ಗಂಟೆಯಲ್ಲಿ ಟಿಬಿ ಇದೆಯೋ ಇಲ್ಲವೋ ಹೇಳುತ್ತದೆ, ಇದ್ದರೆ ಅದು ರಿಫಾಂಪಿಸಿನ್ ಔಷಧಿಗೆ ಬಗ್ಗುತ್ತದೆಯೇ ಎಂದೂ ಹೇಳುತ್ತದೆ. ನನ್ನದು ಬಗ್ಗುವ ಜಾತಿಯದು.

ಚಿಕಿತ್ಸೆ 6 ತಿಂಗಳು. ಮೊದಲ 2 ತಿಂಗಳು ನಾಲ್ಕು ಔಷಧಿ ಸೇರಿದ ಮಾತ್ರೆ, ಉಳಿದ 4 ತಿಂಗಳು ಮೂರು ಔಷಧಿಯದು. ಎಷ್ಟು ಮಾತ್ರೆ ಎನ್ನುವುದು ತೂಕದ ಮೇಲೆ. 50ರಿಂದ 64 ಕೆ.ಜಿ.ಯವರಿಗೆ ದಿನಕ್ಕೆ 4. ಈ ಔಷಧಿಗಳು ಓಡುವವರ ಮೈಯಲ್ಲಿ ಏನು ಮಾಡುತ್ತವೆ ಎಂದು ಮೊದಲೇ ತಿಳಿದಿದ್ದರೆ ಅರ್ಧ ಹೆದರಿಕೆ ಕಡಿಮೆ. ರಿಫಾಂಪಿಸಿನ್ ಮೂತ್ರವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುತ್ತದೆ, ಬೆವರನ್ನೂ ಬಿಡುವುದಿಲ್ಲ. ಬಿಳಿ ಟೀ ಶರ್ಟಿನ ಕಂಕುಳಲ್ಲಿ ಕಲೆ ಕಂಡರೆ ಗಾಬರಿಯಾಗಬೇಡಿ. ಪೈರಾಜಿನಮೈಡ್ ರಕ್ತದಲ್ಲಿ ಯೂರಿಕ್ ಆಮ್ಲ ಏರಿಸುತ್ತದೆ. ನನಗೆ ಮಂಡಿ, ಹರಡುಗಳಲ್ಲಿ ನೋವು ಬಂದದ್ದು ಅದರಿಂದ, ಅದು ನಿಂತ ಮೇಲೆ ನೋವೂ ಹೋಯಿತು. ಐಸೊನಿಯಾಜಿಡ್‌ನಿಂದ ಅಂಗಾಲು ಜುಮ್ಮೆನ್ನಬಹುದು, ಉರಿಯಬಹುದು. ಅದಕ್ಕೆ ಬಿ6 ವಿಟಮಿನ್ ಮಾತ್ರೆ ಕೊಡುತ್ತಾರೆ. ಎಥಾಂಬುಟಾಲ್ ಕಣ್ಣಿನ ನರಕ್ಕೆ ತೊಂದರೆ ಕೊಟ್ಟರೆ ಕೆಂಪು ಹಸಿರಿನ ವ್ಯತ್ಯಾಸ ಮಸುಕಾಗುತ್ತದೆ, ಅದನ್ನು ತಕ್ಷಣ ಡಾಕ್ಟರಿಗೆ ಹೇಳಬೇಕು. ಎಲ್ಲಕ್ಕಿಂತ ಮುಖ್ಯ ಯಕೃತ್ತು. ವಾಂತಿ ಬರುವಂತಾಗಿ ಊಟ ಸೇರದಿದ್ದರೆ, ಕಣ್ಣು ಹಳದಿಯಾದರೆ ಕಾಯುವಂತಿಲ್ಲ. ಕಾಲು ನೋವಿಗೆ ತಾವೇ ಮಾತ್ರೆ ನುಂಗುವ ಅಭ್ಯಾಸ ನಮ್ಮ ಓಟಗಾರರಲ್ಲಿ ಇದೆಯಲ್ಲ, ಈ ಆರು ತಿಂಗಳು ಡಾಕ್ಟರನ್ನು ಕೇಳದೆ ಒಂದನ್ನೂ ಮುಟ್ಟಬಾರದು.

ನಮ್ಮಮ್ಮನದು ಒಂದೇ ಮಾತು: ‘ಎದೆ ಹಿಡಿದ ಕಾಯಿಲೆ, ಇನ್ನು ಓಟಗೀಟ ಬೇಡ.’ ಆ ಭಯ ಎಲ್ಲಿಂದ ಬಂತು ಎಂದು ಮೈಸೂರಿನವರಿಗೆ ವಿವರಿಸಬೇಕಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರು ತೀರಿಕೊಂಡದ್ದು ಕ್ಷಯದಿಂದಲೇ. ಕೆಆರ್‌ಎಸ್ ರಸ್ತೆಯ ಪಿಕೆಟಿಬಿ (ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ ಟಿಬಿ) ಸ್ಯಾನಟೋರಿಯಂ, ಅಂದರೆ ಕ್ಷಯ ರೋಗಿಗಳ ಆಸ್ಪತ್ರೆ, ಅವರ ಹೆಸರಿನದು. ಔಷಧಿಯೇ ಇಲ್ಲದ ಕಾಲದಲ್ಲಿ ಒಳ್ಳೆ ಗಾಳಿ, ಊಟ, ವರ್ಷಗಟ್ಟಲೆ ಮಲಗುವುದು, ಇಷ್ಟೇ ಚಿಕಿತ್ಸೆ. ಅರಮನೆಯವರನ್ನೇ ಬಿಡದ ಕಾಯಿಲೆ ನಮ್ಮನ್ನು ಬಿಟ್ಟೀತೆ ಎಂದು ಅಜ್ಜಿಯರ ಕಾಲದಿಂದ ಮನೆಮನೆಯಲ್ಲಿ ಉಳಿದುಬಂದ ಮಾತು ಅಮ್ಮನ ಬಾಯಲ್ಲಿ ಬಂದಿತ್ತು.

ನನಗೆ ಧೈರ್ಯ ಕೊಟ್ಟದ್ದು ಮದ್ರಾಸಿನ ಒಂದು ಹಳೆಯ ಅಧ್ಯಯನ. 1956ರಲ್ಲಿ ಅಲ್ಲಿ ಕೆಲವು ರೋಗಿಗಳನ್ನು ಸ್ಯಾನಟೋರಿಯಂನಲ್ಲಿ, ಕೆಲವರನ್ನು ಅವರವರ ಮನೆಯಲ್ಲೇ ಇಟ್ಟು, ಎರಡೂ ಗುಂಪಿಗೆ ಅವೇ ಔಷಧಿಗಳನ್ನು ಕೊಟ್ಟು ನೋಡಿದರು. ಮನೆಯಲ್ಲಿದ್ದವರಿಗೆ ವಿಶ್ರಾಂತಿ ಕಡಿಮೆ, ಊಟವೂ ಅಷ್ಟಕ್ಕಷ್ಟೆ. ಆದರೂ ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಸಮ ಗುಣವಾದರು. ವಾಸಿ ಮಾಡಿದ್ದು ಹಾಸಿಗೆಯಲ್ಲ, ದಿನವೂ ತಪ್ಪದ ಮಾತ್ರೆ. ಇದನ್ನು ಅಮ್ಮನಿಗೆ ಕೂರಿಸಿಕೊಂಡು ಹೇಳಿದೆ. ಪೂರ್ತಿ ಒಪ್ಪಲಿಲ್ಲ, ಆದರೆ ‘ಮೊದಲು ಮೈ ತುಂಬಲಿ’ ಎಂದರು.

ಅಮ್ಮನ ಆ ಮಾತೇ ಸರಿಯಾದ ಯೋಜನೆ. 2023ರಲ್ಲಿ ಪ್ರಕಟವಾದ ರೇಷನ್ಸ್ ಎಂಬ ಅಧ್ಯಯನ ಜಾರ್ಖಂಡ್‌ನಲ್ಲಿ ನಡೆದದ್ದು. ಅದನ್ನು ಮುನ್ನಡೆಸಿದವರು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ. ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ತೂಕ ಏರಿದವರಲ್ಲಿ ಸಾವು ಬಹಳ ಕಡಿಮೆ ಎಂದು ಅದರಲ್ಲಿ ಕಂಡಿತು. ಹಾಗಾಗಿ ನಾನು ಓಟದ ಆ್ಯಪ್ ತೆಗೆದುಹಾಕಿ ತೂಕದ ಪಟ್ಟಿ ಬರೆಯಲು ಶುರು ಮಾಡಿದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ, ಸ್ವಲ್ಪ ಹೊತ್ತು ಬಿಟ್ಟು ಎರಡು ಮೊಟ್ಟೆ, ಮಧ್ಯಾಹ್ನ ಮುದ್ದೆ ಜೊತೆ ಹುರಳಿಕಾಳಿನ ಬಸ್ಸಾರು, ಸಂಜೆ ಹುರಿಗಡಲೆ, ಕಡಲೆಬೀಜ, ಬೆಲ್ಲ. ಟಿಬಿ ರೋಗಿಗಳ ಪೌಷ್ಟಿಕ ಊಟಕ್ಕೆಂದು ಸರ್ಕಾರದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಖಾತೆಗೆ ಬರುವ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂ. ಆಗಿದೆ, ಅದನ್ನು ಬಿಡಬೇಡಿ, ಅದು ನಿಮ್ಮ ಹಕ್ಕು. ತೂಕ 57 ಮುಟ್ಟುವ ತನಕ ಓಡುವುದಿಲ್ಲ ಎಂದು ನಾನೇ ಗೆರೆ ಹಾಕಿಕೊಂಡೆ. ಆ 57 ಡಾಕ್ಟರ್ ಕೊಟ್ಟ ಅಂಕಿಯಲ್ಲ. ಮೈಯಲ್ಲಿ ಇಲ್ಲದ ಮಾಂಸದಿಂದ ಓಡಲಾಗುವುದಿಲ್ಲ ಎನ್ನುವುದಷ್ಟೇ ನನ್ನ ಲೆಕ್ಕ.

ಅಲ್ಲಿವರೆಗೆ ನಡಿಗೆ. ಮೊದಲು ಟೆರೇಸಿನ ಮೇಲೆ, ಡಾಕ್ಟರ್ ಒಪ್ಪಿದ ಮೇಲೆ ಬೀದಿಯಲ್ಲಿ. ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್ ಜೇಬಿನಲ್ಲಿರುತ್ತಿತ್ತು. ಕೂತಾಗ ಎಷ್ಟಿದೆ ಎನ್ನುವುದಕ್ಕಿಂತ ನಡೆದ ಮೇಲೆ ಎಷ್ಟು ಕುಸಿಯುತ್ತದೆ ಎನ್ನುವುದು ಮುಖ್ಯ. 4 ಅಂಕ ಅಥವಾ ಹೆಚ್ಚು ಇಳಿದರೆ ಬಂದು ತೋರಿಸಿ ಎಂದು ಡಾಕ್ಟರ್ ಹೇಳಿದ್ದರು.

ಕೋರ್ಸ್ ಮುಗಿದು, ಕಫ ನೆಗೆಟಿವ್ ಬಂದು, ತೂಕ ಗೆರೆ ದಾಟಿದ ಮೇಲೆ ಓಡಿದೆ. 1 ನಿಮಿಷ ಓಟ, 4 ನಿಮಿಷ ನಡಿಗೆ, ಎಲ್ಲ ಸೇರಿ 20 ನಿಮಿಷ, ದಿನ ಬಿಟ್ಟು ದಿನ. ವಾಚ್ ಹಾಕಲಿಲ್ಲ. ಓಡುವಾಗ ಹದಿಮೂರರ ಮಗ್ಗಿಯನ್ನು ಸಣ್ಣ ದನಿಯಲ್ಲಿ ಹೇಳುತ್ತಿದ್ದೆ. ಸಾಲಿನ ನಡುವೆ ಉಸಿರು ಕಡಿದರೆ ವೇಗ ಜಾಸ್ತಿ ಎಂದರ್ಥ, ತಕ್ಷಣ ನಡಿಗೆಗೆ ಇಳಿಯುವುದು. ಮುಂದಿನ ಮೆಟ್ಟಿಲು 2 ನಿಮಿಷ ಓಟ, 3 ನಿಮಿಷ ನಡಿಗೆ. ಆದರೆ ಯಾವಾಗ ಮೆಟ್ಟಿಲು ಏರಬೇಕು ಎನ್ನುವುದನ್ನು ಕ್ಯಾಲೆಂಡರ್ ನೋಡಿ ತೀರ್ಮಾನಿಸಲಿಲ್ಲ.

ಈ ಇಡೀ ಅನುಭವದಲ್ಲಿ ನಾನು ಅತ್ಯಂತ ನಂಬುವುದು ಇದನ್ನು: ಓಟ ಹೇಗಾಯಿತು ಎನ್ನುವ ತೀರ್ಪು ಮರುದಿನ ಬೆಳಿಗ್ಗೆಯದು. ಓಡಿದ ಹೊತ್ತಿನಲ್ಲಿ ಎಲ್ಲವೂ ಚೆನ್ನಾಗಿದೆ ಅನ್ನಿಸುತ್ತದೆ, ಎಷ್ಟೋ ತಿಂಗಳ ಮೇಲೆ ಕಾಲಡಿ ಮಣ್ಣು ಸಿಕ್ಕ ಖುಷಿ ಬೇರೆ. ಬೆಳಿಗ್ಗೆ ಹಾಸಿಗೆ ಬಿಡುವ ಮುಂಚೆ ಮಣಿಕಟ್ಟಿನಲ್ಲಿ ಒಂದು ನಿಮಿಷ ನಾಡಿ ಎಣಿಸುತ್ತಿದ್ದೆ. ಮಾಮೂಲಿಗಿಂತ ಏಳೆಂಟು ಜಾಸ್ತಿ ಇದ್ದರೆ, ರಾತ್ರಿ ನಿದ್ದೆ ಕೆಟ್ಟಿದ್ದರೆ ಅಥವಾ ತಿಂಡಿ ಬೇಡವೆನಿಸಿದರೆ ಆ ದಿನ ಬರೀ ನಡಿಗೆ. ವಾರದ ತೂಕ ಅರ್ಧ ಕೆ.ಜಿ. ಇಳಿದರೂ ಹಿಂದಿನ ಮೆಟ್ಟಿಲಿಗೆ. ಇದಕ್ಕೆ ಬೇಸರಪಟ್ಟುಕೊಳ್ಳಬೇಕಿಲ್ಲ. ಮೈ ಕೇಳುವ ಮುಂಚೆಯೇ ಕೊಟ್ಟ ವಿಶ್ರಾಂತಿ ಅದು.

ಉಸಿರಿಗಿಂತ ಕಾಲು ತಡ. ಹೃದಯ, ಶ್ವಾಸ ಕೆಲವು ವಾರಗಳಲ್ಲಿ ಚೇತರಿಸಿಕೊಂಡು ‘ಹೊರಡು’ ಎನ್ನುತ್ತವೆ. ಸ್ನಾಯುರಜ್ಜು, ಮೂಳೆ ಗಟ್ಟಿಯಾಗಲು ತಿಂಗಳುಗಳು ಬೇಕು. ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಕುರ್ಚಿಯಿಂದ ಕೈ ಊರದೆ ಏಳುವುದು ಇವನ್ನು ದಿನವೂ ಮಾಡಿದೆ. ಚಳಿಗಾಲದಲ್ಲಿ ಮಂಜು ಕರಗಿ ಬಿಸಿಲು ಬಿದ್ದ ಮೇಲೆ ಹೊರಡುತ್ತೇನೆ. ಬೀದಿ ಬದಿ ತರಗೆಲೆ ಸುಡುವ ಹೊಗೆ ನನ್ನ ಎದೆಗೆ ಈಗಲೂ ಆಗುವುದಿಲ್ಲ, ಅದು ಕಂಡರೆ ದಾರಿ ಬದಲಿಸುತ್ತೇನೆ.

ಕೊಳವೆಗೆ ಜೋರಾಗಿ ಊದಿಸಿ ಮಾಡುವ ಸ್ಪೈರೋಮೆಟ್ರಿ ಪರೀಕ್ಷೆಯಲ್ಲಿ ನನ್ನ ಶ್ವಾಸ ಸಾಮರ್ಥ್ಯ ನನ್ನ ವಯಸ್ಸು, ಎತ್ತರಕ್ಕೆ ಇರಬೇಕಾದದ್ದರ 78 ಶೇಕಡ ಬಂತು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಕಲೆ ಉಳಿದಿದೆ, ಅದು ಹೋಗುವುದಿಲ್ಲ. ಹಳೆಯ ವೇಗ ಬಾರದೆ ಇರಬಹುದು ಎಂದು ಡಾಕ್ಟರ್ ನೇರವಾಗಿ ಹೇಳಿದರು, ಅವರು ಹಾಗೆ ಹೇಳಿದ್ದಕ್ಕೆ ನಾನು ಋಣಿ. ಈಗ ಕೆರೆಯ ಒಂದು ಸುತ್ತನ್ನು ನಿಲ್ಲದೆ ಓಡುತ್ತೇನೆ, ಕಿಲೋಮೀಟರಿಗೆ ಮೊದಲಿಗಿಂತ ಒಂದು ನಿಮಿಷಕ್ಕೂ ಹೆಚ್ಚು ನಿಧಾನ. ಬೆಟ್ಟದ ಮೆಟ್ಟಿಲು ಹತ್ತುತ್ತೇನೆ, ರಸ್ತೆಯಲ್ಲಿ ಓಡಿ ಏರುವುದನ್ನು ಇನ್ನೂ ಶುರು ಮಾಡಿಲ್ಲ.

ಚಿಕಿತ್ಸೆ ಮುಗಿಸಿದವರಿಗೆ ಎರಡು ಕೆಲಸ. ಕೊನೆಯಲ್ಲಿ ತೆಗೆದ ಎಕ್ಸ್‌ರೇ ಜೋಪಾನವಾಗಿಡಿ. ಮುಂದೆ ಕೆಲಸಕ್ಕೋ ವೀಸಾಕ್ಕೋ ಎಕ್ಸ್‌ರೇ ತೆಗೆದಾಗ ಆ ಹಳೆಯ ಕಲೆ ಕಂಡು ಮತ್ತೆ ಟಿಬಿ ಎಂದು ಅನುಮಾನಿಸಿದರೆ ಹೋಲಿಸಿ ತೋರಿಸಲು ಅದೊಂದೇ ದಾಖಲೆ. ಎರಡನೆಯದು, 6, 12, 18, 24ನೇ ತಿಂಗಳಿನ ತಪಾಸಣೆ. ಓಡುವಷ್ಟು ಗಟ್ಟಿಯಾದವರೇ ಇದನ್ನು ಮರೆಯುವುದು ಹೆಚ್ಚು, ಮರುಕಳಿಸುವ ಟಿಬಿ ಬಹುಪಾಲು ಈ ಎರಡು ವರ್ಷದೊಳಗೇ ಕಾಣಿಸಿಕೊಳ್ಳುವುದು. ನನ್ನ 12ನೇ ತಿಂಗಳಿನದು ಮುಗಿದಿದೆ, ಮುಂದಿನದರ ದಿನಾಂಕ ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿಟ್ಟಿದ್ದೇನೆ.