ಇಂಗ್ಲಿಷ್ ಗ್ರಾಮರ್, ವೊಕ್ಯಾಬುಲರಿ: ನಾನು ಅಭ್ಯಾಸ ಮಾಡಿದ ಕ್ರಮ

ಸ್ಪರ್ಧಾತ್ಮಕ ಪರೀಕ್ಷೆಯ ಇಂಗ್ಲಿಷ್‌ಗೆ ನಾನು ಎರಡು ನೋಟ್‌ಬುಕ್ ಇಟ್ಟುಕೊಂಡೆ. ಒಂದು ತಪ್ಪುಗಳಿಗೆ, ಇನ್ನೊಂದು ಪದಗಳಿಗೆ. ಗ್ರಾಮರ್ ಪೂರ್ತಿ ಓದಿ ಮುಗಿಸಿ ಆಮೇಲೆ ಪ್ರಶ್ನೆ ಬಿಡಿಸೋಣ ಎಂದರೆ ಕೆಲಸ ಕೆಡುತ್ತದೆ. ಪ್ರಿಪೊಸಿಷನ್‌ಗೆ ಬರುವಷ್ಟರಲ್ಲಿ ಟೆನ್ಸ್ ಮರೆತಿರುತ್ತದೆ. ಒಂದು ಅಧ್ಯಾಯ ಓದಿದ ದಿನವೇ ಹಳೆಯ ಪ್ರಶ್ನೆಪತ್ರಿಕೆಗಳಿಂದ ಅದೇ ವಿಷಯದ 20–30 ಪ್ರಶ್ನೆ ಬಿಡಿಸಬೇಕು. ತಪ್ಪಾದ ವಾಕ್ಯವನ್ನು ಹಾಗೆಯೇ ಬರೆದುಕೊಂಡು, ಪಕ್ಕದಲ್ಲಿ ಕಾರಣ ಹಾಕಬೇಕು: ನಿಯಮವೇ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಕಣ್ಣಿಗೆ ಬೀಳಲಿಲ್ಲವೋ, ಅವಸರದಲ್ಲಿ ಓದಿದ್ದೋ. ಮೊದಲನೆಯದಕ್ಕೆ ಓದು ಬೇಕು, ಎರಡನೆಯದಕ್ಕೆ ಅಭ್ಯಾಸ ಬೇಕು, ಮೂರನೆಯದಕ್ಕೆ ಗಡಿಯಾರ ಇಟ್ಟುಕೊಂಡು ಕೂರಬೇಕು.

ಎರರ್ ಸ್ಪಾಟಿಂಗ್‌ನಲ್ಲಿ, ಅಂದರೆ ವಾಕ್ಯದ ಯಾವ ಭಾಗದಲ್ಲಿ ತಪ್ಪಿದೆ ಎಂದು ಗುರುತಿಸುವ ಪ್ರಶ್ನೆಗಳಲ್ಲಿ, ‘ಕೇಳಲು ಸರಿ ಅನ್ನಿಸುತ್ತದೆ’ ಎಂದು ಉತ್ತರ ಗುರುತಿಸುವವರೇ ಹೆಚ್ಚು ಅಂಕ ಕಳೆದುಕೊಳ್ಳುತ್ತಾರೆ. ‘ದ ಲಿಸ್ಟ್ ಆಫ್ ಸೆಲೆಕ್ಟೆಡ್ ಕ್ಯಾಂಡಿಡೇಟ್ಸ್ ಹ್ಯಾವ್ ಬೀನ್ ಪಬ್ಲಿಷ್ಡ್’ ಎಂಬ ವಾಕ್ಯ ನೋಡಿ. ‘ಕ್ಯಾಂಡಿಡೇಟ್ಸ್’ ಪಕ್ಕದಲ್ಲೇ ಇರುವುದರಿಂದ ‘ಹ್ಯಾವ್’ ಸರಿಯೆನಿಸುತ್ತದೆ. ಪ್ರಕಟವಾದದ್ದು ಏನು ಎಂದು ಕೇಳಿದರೆ ‘ಲಿಸ್ಟ್’ ಎಂಬ ಉತ್ತರ ಬರುತ್ತದೆ. ಅದು ಏಕವಚನ, ಹಾಗಾಗಿ ‘ಹ್ಯಾಸ್’ ಬೇಕು. ‘ಆಫ್’ನಿಂದ ಶುರುವಾಗುವ ಭಾಗವನ್ನು ಪೆನ್ಸಿಲ್‌ನಿಂದ ಹೊಡೆದು ಓದುವುದು ಒಳ್ಳೆಯ ರೂಢಿ. ‘ಅಲಾಂಗ್ ವಿತ್’, ‘ಆಸ್ ವೆಲ್ ಆಸ್’ ಬಂದಾಗಲೂ ಹೀಗೆಯೇ, ಮೊದಲ ಕರ್ತೃವನ್ನೇ ನೋಡಬೇಕು. ‘ನೈದರ್–ನಾರ್’ ಮಾತ್ರ ಬೇರೆ. ಅಲ್ಲಿ ಹತ್ತಿರದ ಕರ್ತೃವಿಗೆ ತಕ್ಕಂತೆ ಕ್ರಿಯಾಪದ.

ನಾನು ಪ್ರತಿ ವಾಕ್ಯವನ್ನೂ ಒಂದೇ ಕ್ರಮದಲ್ಲಿ ನೋಡುತ್ತೇನೆ: ಕ್ರಿಯಾಪದ ಮತ್ತು ಕರ್ತೃ, ಆಮೇಲೆ ಕಾಲಸೂಚಕ ಪದ, ಸರ್ವನಾಮ, ಪ್ರಿಪೊಸಿಷನ್, ಕೊನೆಗೆ ಆರ್ಟಿಕಲ್. ‘ಯೆಸ್ಟರ್‌ಡೇ’ ಇದ್ದಲ್ಲಿ ‘ಹ್ಯಾಸ್ ಕಮ್’ ಕಂಡರೆ ಹುಡುಕಾಟ ಅಲ್ಲಿಗೇ ಮುಗಿಯಿತು. ಐದೂ ನೋಡಿದ ಮೇಲೂ ಏನೂ ಸಿಗದಿದ್ದರೆ ಧೈರ್ಯವಾಗಿ ‘ನೋ ಎರರ್’ ಗುರುತಿಸಿ. ಇಲ್ಲದ ತಪ್ಪನ್ನು ಹುಟ್ಟಿಸಿಕೊಳ್ಳಬೇಡಿ.

ಪ್ರಿಪೊಸಿಷನ್ ನಮಗೆ ಕಷ್ಟವಾಗುವುದು ಕನ್ನಡದ ವಿಭಕ್ತಿ ತಲೆಯಲ್ಲಿ ಓಡುತ್ತಿರುವುದರಿಂದ. ‘ಬಗ್ಗೆ ಚರ್ಚಿಸು’ ಎಂದು ಯೋಚಿಸಿ ‘ಡಿಸ್ಕಸ್ ಅಬೌಟ್’ ಬರೆಯುತ್ತೇವೆ, ಅಲ್ಲಿ ‘ಅಬೌಟ್’ ಬೇಡ. ‘ರೀಚ್’ ಆದ ಮೇಲೆ ಊರಿನ ಹೆಸರಿಗೆ ‘ಟು’ ಬೇಡ. ‘ಸೀನಿಯರ್’, ‘ಸುಪೀರಿಯರ್’, ‘ಪ್ರಿಫರ್’ ಇವುಗಳ ಹೋಲಿಕೆಗೆ ‘ದ್ಯಾನ್’ ಬಾರದು, ‘ಟು’ ಬರಬೇಕು. ಇವಕ್ಕೆ ನಿಯಮ ಹುಡುಕುತ್ತಾ ಕೂರುವುದಕ್ಕಿಂತ ಆಯಾ ಪದದ ಜೊತೆಗೇ ಬಾಯಿಪಾಠ ಮಾಡುವುದು ವಾಸಿ.

ಪದಗಳ ವಿಷಯದಲ್ಲಿ ದಿನಕ್ಕೆ 10 ಸಾಕು. 50 ಪದ ಗೀಚಿಟ್ಟರೆ ವಾರದ ಕೊನೆಗೆ ಅರ್ಧವೂ ಉಳಿಯುವುದಿಲ್ಲ. ಎಡಕ್ಕೆ ಪದ, ಬಲಕ್ಕೆ ಅರ್ಥ, ಕೆಳಗೆ ಆ ಪದ ಸಿಕ್ಕ ವಾಕ್ಯ. ಮರುದಿನ, 3ನೇ ದಿನ, 7ನೇ ದಿನ, 21ನೇ ದಿನ ಬಲಭಾಗ ಮುಚ್ಚಿ ಅರ್ಥ ನೆನಪಿಸಿಕೊಳ್ಳಬೇಕು. ಬರೀ ಮತ್ತೆ ಓದಿದರೆ ಪರಿಚಯದ ಪದ ಎನಿಸುತ್ತದೆಯೇ ಹೊರತು ಪರೀಕ್ಷೆಯಲ್ಲಿ ಅರ್ಥ ಹೊಳೆಯುವುದಿಲ್ಲ. ಮೂಲಧಾತು ಹಿಡಿದು ಕಲಿಯುವುದು ಉಪಯುಕ್ತ: ‘ಬೆನೆ’ ಎಂದರೆ ಒಳಿತು, ‘ಮ್ಯಾಲ್’ ಎಂದರೆ ಕೆಡುಕು ಎಂದು ಗೊತ್ತಿದ್ದರೆ ‘ಬೆನೆವೊಲೆಂಟ್’, ‘ಮಲೆವೊಲೆಂಟ್’ ಜೋಡಿ ಸುಲಭ. ಆದರೆ ‘ಇನ್’ ಕಂಡ ಕೂಡಲೇ ವಿರುದ್ಧಾರ್ಥ ಎಂದುಕೊಳ್ಳಬಾರದು. ‘ಇನ್‌ವ್ಯಾಲ್ಯುಬಲ್’ ಎಂದರೆ ಬೆಲೆ ಕಟ್ಟಲಾಗದಷ್ಟು ಅಮೂಲ್ಯ. ‘ಇನ್‌ಫ್ಲೇಮಬಲ್’ ಎಂದರೆ ಬೇಗ ಹೊತ್ತಿಕೊಳ್ಳುವಂಥದ್ದು.

ಪ್ಯಾರಾ ಜಂಬಲ್‌ಗೆ, ಅಂದರೆ ಅದಲುಬದಲಾದ ವಾಕ್ಯಗಳನ್ನು ಸರಿಯಾದ ಕ್ರಮಕ್ಕೆ ತರುವ ಪ್ರಶ್ನೆಗೆ, ಒಂದೇ ಸುಳಿವು ಹೇಳುತ್ತೇನೆ. ‘ಎ’ ಹಾಕಿ ಪರಿಚಯಿಸಿದ ವಸ್ತು ಮುಂದಿನ ವಾಕ್ಯದಲ್ಲಿ ‘ದ’ ಅಥವಾ ‘ಇಟ್’ ಆಗಿ ಬರುತ್ತದೆ; ಆ ಎರಡು ವಾಕ್ಯ ಜೋಡಿಸಿದರೆ ಆಯ್ಕೆಗಳು ತಾವಾಗಿಯೇ ಕಡಿಮೆಯಾಗುತ್ತವೆ.

ನೆಗೆಟಿವ್ ಮಾರ್ಕಿಂಗ್‌ಗೆ ಹೆದರಿ ಗೊತ್ತಿರುವುದನ್ನೂ ಬಿಡುವವರಿದ್ದಾರೆ. ಸರಿಗೆ 2 ಅಂಕ, ತಪ್ಪಿಗೆ 0.50 ಕಡಿತ, ನಾಲ್ಕು ಆಯ್ಕೆ ಇರುವ ಪತ್ರಿಕೆಯಲ್ಲಿ ಎರಡು ಆಯ್ಕೆಗಳನ್ನು ಖಚಿತವಾಗಿ ತೆಗೆದುಹಾಕಿದರೆ, ಉಳಿದೆರಡರಲ್ಲಿ ಒಂದನ್ನು ಊಹಿಸಿದಾಗ ಪ್ರಶ್ನೆಗೆ ಸರಾಸರಿ 0.75 ಅಂಕ ಲಾಭವೇ. ಅಂಥ ಪ್ರಶ್ನೆಗೆ ಉತ್ತರಿಸಿ ಮುಂದೆ ಹೋಗಿ. ಅರ್ಥವೇ ಗೊತ್ತಿಲ್ಲದ ಪದದ ಮೇಲೆ ಮಾತ್ರ ನಿಮಿಷಗಟ್ಟಲೆ ಕೂರಬೇಡಿ.