ಕಾರವಾರಕ್ಕೆ ಹೊಸದಾಗಿ ಬಂದವರಿಗೆ: ನೆಲ ನಡುಗಿದರೆ

ಕೈಗಾಕ್ಕೋ ನೌಕಾನೆಲೆಗೋ ಕೆಲಸಕ್ಕೆ ಬಂದವರು ಸಂಘದಲ್ಲಿ ಮಳೆ, ಶಾಲೆ, ಮೀನು ಪೇಟೆ ಎಲ್ಲ ವಿಚಾರಿಸುತ್ತಾರೆ. ಭೂಕಂಪ ಅಂದರೆ ಮಾತ್ರ "ಇಲ್ಲೆಲ್ಲಿ ಬರುತ್ತೆ ಬಿಡಿ" ಅಂತಾರೆ. ಅಪರೂಪ ನಿಜ. ಆದರೆ ಭಾರತೀಯ ಮಾನಕ ಬ್ಯೂರೋದ 2016ರ ಭೂಕಂಪ ನಕ್ಷೆಯಲ್ಲಿ ಬೆಂಗಳೂರು ವಲಯ 2ರಲ್ಲಿ, ಕಾರವಾರ ವಲಯ 3ರಲ್ಲಿ. ಅಂದ್ರೆ ನೀವು ಬಿಟ್ಟು ಬಂದ ಊರಿಗಿಂತ ಇಲ್ಲಿ ಅಪಾಯ ಸ್ವಲ್ಪ ಜಾಸ್ತಿಯೇ ಇರಬಹುದು.

ನಾನು ಆಳಂದ ಕಡೆಯವಳು. 1993ರ ಸೆಪ್ಟೆಂಬರ್ 30ರ ನಸುಕು, ನಾಲ್ಕಕ್ಕೆ ಇನ್ನೇನು ಐದು ನಿಮಿಷ. ಗಣಪತಿ ಕಳಿಸಿ ಬಂದು ಮಲಗಿದ್ದೆವು. ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿತು, 6.2 ತೀವ್ರತೆ. ಆಗಿನ ನಕ್ಷೆಯಲ್ಲಿ ಆ ಜಾಗಕ್ಕೆ ಎಲ್ಲಕ್ಕಿಂತ ಕಡಿಮೆ ಅಪಾಯದ ಗುರುತು. ಅಲ್ಲಿ ದಪ್ಪ ಕಲ್ಲು-ಮಣ್ಣಿನ ಗೋಡೆಗಳು ಮಲಗಿದ್ದವರ ಮೇಲೆ ಬಿದ್ದು ಸಾವಿರಾರು ಜನ ಹೋದರು. ನಮ್ಮ ಮನೆ ಗಟ್ಟಿಯಾಗಿಯೇ ನಿಂತಿತ್ತು. ಹಲಗೆ ಮೇಲಿದ್ದ ತಾಮ್ರದ ಕೊಡ ಗಡಗಡ ಅಂತು, ಜಾರಿತು, ಕೆಳಗೆ ಮಲಗಿದ್ದ ಅಜ್ಜಿಯ ಬಲಭುಜದ ಮೇಲೆ ಬಿತ್ತು. ಆಮೇಲೆ ಅಜ್ಜಿ ಆ ಕೈಯಲ್ಲಿ ರೊಟ್ಟಿ ಬಡಿಯಲೇ ಇಲ್ಲ.

ಅದಕ್ಕೇ ಹೊಸಬರ ಮನೆಗೆ ಹೋದರೆ ನಾನು ಮೊದಲು ನೋಡೋದು ಮಂಚದ ಮೇಲಿನ ಅಟ್ಟ. ಊರಿಂದ ತಂದ ಹಿತ್ತಾಳೆ ಹಂಡೆ, ಸೂಟ್‌ಕೇಸು, ಬೀಸುವ ಕಲ್ಲು ಎಲ್ಲ ಅಲ್ಲೇ! ದಯವಿಟ್ಟು ಇಳಿಸಿ. ಭಾರದ್ದು ನೆಲದ ಮೇಲಿರಲಿ. ಕಬ್ಬಿಣದ ಬೀರುವನ್ನು ಎಲ್ ಆಕಾರದ ಪಟ್ಟಿ ಹಾಕಿ ಗೋಡೆಗೆ ಬಿಗಿಸಿ. ಬಾಡಿಗೆ ಮನೆ ಅಂತ ಸುಮ್ನೆ ಕೂರಬೇಡಿ. ನಮ್ಮ ಮೊದಲ ಮನೆಯ ಮಾಲೀಕರು ಗೋಡೆಗೆ ತೂತು ಕೊರೆಯಲು ಬಿಡಲಿಲ್ಲ. ಬೀರುವನ್ನೇ ಮಕ್ಕಳ ಮಂಚದಿಂದ ದೂರ ಸರಿಸಿದೆವು. ಅಷ್ಟಾದರೂ ಮಾಡಬಹುದು ಅಲ್ವಾ?

ನಡುಗುವಾಗ ಓಡಬೇಡಿ. ಮೆಟ್ಟಿಲು, ಲಿಫ್ಟ್ ಎರಡೂ ಬೇಡ. ಗಟ್ಟಿ ಮೇಜಿನ ಕೆಳಗೆ ಸೇರಿ ಮೇಜಿನ ಕಾಲು ಹಿಡಿದುಕೊಳ್ಳಿ. ಮೇಜಿಲ್ಲದಿದ್ದರೆ ಒಳಗೋಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ತಲೆ, ಕತ್ತು ಮುಚ್ಚಿಕೊಳ್ಳಿ. ಹೊಸ್ತಿಲಲ್ಲಿ ನಿಂತರೆ ಕ್ಷೇಮ ಅನ್ನೋ ಹಳೇ ಮಾತು ನಂಬಬೇಡಿ. ಹಂಚಿನ ಮನೆಯಲ್ಲಂತೂ ಸೂರಿನಂಚಿಂದ ಹಂಚು ಉದುರುತ್ತದೆ. ಹೊರಗಿದ್ದರೆ ಚಿರೆಕಲ್ಲಿನ ಕಾಂಪೌಂಡು, ಕರೆಂಟ್ ಕಂಬದಿಂದ ದೂರ.

ನಡುಕ ನಿಂತ ಮೇಲೆ: ಚಪ್ಪಲಿ ಹಾಕಿ, ಗಾಜು ಬಿದ್ದಿರುತ್ತದೆ. ಸಿಲಿಂಡರ್ ಬಂದ್. ಮೇನ್ ಸ್ವಿಚ್ ಆಫ್. ಮತ್ತೆ ನಡುಗಬಹುದು, ಬಯಲಲ್ಲಿರಿ.

ಮಳೆಗಾಲದಲ್ಲಾದರೆ ಗುಡ್ಡದ ಬುಡದಲ್ಲಿ ನಿಲ್ಲಬೇಡಿ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಮಳೆಗೇ. ನೆನೆದ ಮಣ್ಣಿಗೆ ನಡುಕವೂ ಸೇರಿದರೆ ಹೇಳಬೇಕೇ? ಕಡಲ ದಂಡೆಯಲ್ಲಿದ್ದಾಗ ಬಹಳ ಹೊತ್ತು ನಡುಗಿದರೆ, ಅಥವಾ ನೀರು ಇದ್ದಕ್ಕಿದ್ದಂತೆ ಹಿಂದೆ ಸರಿದರೆ, ವಿಡಿಯೋ ಮಾಡುತ್ತ ನಿಲ್ಲದೆ ಎತ್ತರದ ಜಾಗಕ್ಕೆ ನಡೆಯಿರಿ. 1945ರಲ್ಲಿ ಈಗಿನ ಪಾಕಿಸ್ತಾನದ ಮಕ್ರಾನ್ ಕರಾವಳಿಯ ಭೂಕಂಪದಿಂದ ಎದ್ದ ಸುನಾಮಿ ಮುಂಬೈವರೆಗೂ ಬಂದಿತ್ತು.

ತುರ್ತಿಗೆ ಸಿದ್ಧವಿಡುವ ಚೀಲದಲ್ಲಿ: ಟಾರ್ಚು, ನೀರು, ಮಾತ್ರೆ, ಆಧಾರ್ ನಕಲು, ಸ್ವಲ್ಪ ನಗದು.

ಫೋನ್: 112. ಜಿಲ್ಲಾ ಕಂಟ್ರೋಲ್ ರೂಮ್ 1077.

ಬೀರು ಬಿಗಿಸಲು ಡ್ರಿಲ್ ಮಷಿನ್ ಸಂಘದಲ್ಲೇ ಇದೆ. ನಮ್ಮ ಸದಸ್ಯರೇ ದುಡ್ಡು ಹಾಕಿ ಕೊಂಡದ್ದು. ಒಯ್ಯಿರಿ, ಮರುದಿನ ವಾಪಸ್ ತನ್ನಿ. ಒಬ್ಬರೇ ಇದ್ದರೆ ಹೇಳಿ, ಇಬ್ಬರು ಬಂದು ಬಿಗಿಸಿಕೊಡುತ್ತೇವೆ.